13 ಅಂಗುಲದ ಒಗಟು: ಚರ್ಮವಾದ್ಯಗಳ ಅಳತೆಯ ಚರಿತ್ರೆ

ಸಂಗೀತದ ಚರಿತ್ರೆಯಲ್ಲಿ ರಾಗಗಳಿಗೂ ಘರಾಣೆಗಳಿಗೂ ಗಾಯಕರಿಗೂ ದೊರೆತ ಸ್ಥಾನ ವಾದ್ಯಗಳ ಅಳತೆಗೆ ದೊರೆತಿಲ್ಲ. ಚರ್ಮವಾದ್ಯಗಳ ಮಟ್ಟಿಗಂತೂ ಈ ಮಾತು ಇನ್ನೂ ಸತ್ಯ. ಡೊಳ್ಳು ಇಷ್ಟು ಅಗಲ, ಮೃದಂಗ ಇಷ್ಟು ಉದ್ದ, ತಮಟೆ ಇಷ್ಟು ತೆಳು ಎಂಬುದನ್ನು ನಾವು ಪ್ರಕೃತಿಯ ನಿಯಮವೆಂಬಂತೆ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಒಂದು ವಾದ್ಯ ಇಷ್ಟೇ ದೊಡ್ಡದಾಗಿ ಏಕಿದೆ ಎಂಬ ಸರಳ ಪ್ರಶ್ನೆಯನ್ನು ಹಿಡಿದು ಹೊರಟರೆ ಅದು ಸಂಗೀತದ ಅಂಗಳವನ್ನು ದಾಟಿ ಬಹಳ ದೂರ ಸಾಗುತ್ತದೆ. ಪ್ರಾಣಿಯ ತೊಗಲು, ಮರದ ದಿಮ್ಮಿ, ಸೈನಿಕನ ಹೆಗಲು, ಯುದ್ಧಕಾಲದ ಲೋಹದ ಅಭಾವ, ಕಾರ್ಖಾನೆಯ ಅಚ್ಚು, ಇವೆಲ್ಲವೂ ಆ ಉತ್ತರದಲ್ಲಿ ಪಾಲುದಾರರು. ಈ ಲೇಖನದಲ್ಲಿ ನಾವು ಪಾಶ್ಚಾತ್ಯ ಡ್ರಮ್ ಸೆಟ್ಟಿನ ಒಂದು ಸಣ್ಣ ಒಗಟಿನಿಂದ ಆರಂಭಿಸಿ, ನಾವು ಬದುಕುತ್ತಿರುವ ಹೈದರಾಬಾದಿನ ಬೀದಿಗಳವರೆಗೆ ಆ ಪ್ರಶ್ನೆಯನ್ನು ಹಿಂಬಾಲಿಸಲು ಯತ್ನಿಸಿದ್ದೇವೆ.

ಒಗಟು ಹೀಗಿದೆ. ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಮಲಗಿಸಿ ಕಾಲಿನಿಂದ ನುಡಿಸುವ ದೊಡ್ಡ ಬೇಸ್ ಡ್ರಮ್, ಕೈಯೆದುರಿನ ಸ್ನೇರ್ ಡ್ರಮ್, ಇವುಗಳ ಜೊತೆಗೆ ‘ಟಾಮ್’ ಎಂದು ಕರೆಯುವ ಎರಡು ಮೂರು ಡ್ರಮ್‌ಗಳು ಇರುತ್ತವೆ. ಇಂದು ಅಂಗಡಿಯಲ್ಲಿ ದೊರೆಯುವ ಸೆಟ್‌ಗಳಲ್ಲಿ ಟಾಮ್‌ಗಳ ಅಗಲ ಸಾಮಾನ್ಯವಾಗಿ 10, 12, 14 ಅಥವಾ 16 ಅಂಗುಲ. ಎರಡೆರಡು ಅಂಗುಲದ ಅಚ್ಚುಕಟ್ಟಾದ ಮೆಟ್ಟಿಲು. 1960 ಮತ್ತು 1970ರ ದಶಕಗಳ ಸೆಟ್‌ಗಳನ್ನು ನೋಡಿದರೆ ಅಲ್ಲಿ ಕಾಣುವುದು 12, 13 ಮತ್ತು 16. ಮೊದಲ ಎರಡರ ನಡುವೆ ಒಂದೇ ಅಂಗುಲ, ಆಮೇಲೆ ಒಮ್ಮೆಲೇ ಮೂರು ಅಂಗುಲದ ನೆಗೆತ. ಇನ್ನೂ ಹಳೆಯ ಕೆಲವು ಸೆಟ್‌ಗಳಲ್ಲಿ ಎರಡೂ ಟಾಮ್‌ಗಳು 12 ಅಂಗುಲದವೇ.

ಲೆಕ್ಕದ ದೃಷ್ಟಿಯಿಂದ ಇದು ವಿಚಿತ್ರ. ಒಂದೇ ಬಗೆಯ ತೊಗಲನ್ನು ಒಂದೇ ಬಿಗಿತದಲ್ಲಿ ಕಟ್ಟಿದಾಗ ವಾದ್ಯದ ಸ್ವರವು ಅದರ ಅಗಲಕ್ಕೆ ವಿಲೋಮವಾಗಿರುತ್ತದೆ. ಅಗಲ ಇಮ್ಮಡಿಯಾದರೆ ಕಂಪನದ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಈ ನಿಯಮದಂತೆ 12 ಅಂಗುಲದಿಂದ 13ಕ್ಕೆ ಹೋದರೆ ಸ್ವರ ಶೇಕಡಾ 8ರಷ್ಟು ಇಳಿಯುತ್ತದೆ, ಅಂದರೆ ಹಾರ್ಮೋನಿಯಂನ ಒಂದು ಮನೆಗಿಂತ ತುಸು ಹೆಚ್ಚು. 13ರಿಂದ 16ಕ್ಕೆ ಹೋದರೆ ಶೇಕಡಾ 19ರಷ್ಟು ಇಳಿಯುತ್ತದೆ, ಅಂದರೆ ಮೂರು ಮನೆಗಳಿಗೂ ಹೆಚ್ಚು. ಸ್ವರಗಳನ್ನು ಸಮವಾಗಿ ಹಂಚಬೇಕೆಂದು ಯೋಚಿಸಿದ ಯಾರೂ ಇಂಥ ಅಳತೆಗಳನ್ನು ಆಯ್ದುಕೊಳ್ಳಲಾರರು. ಹಾಗಾದರೆ ಇವು ಎಲ್ಲಿಂದ ಬಂದವು?

ಉತ್ತರವನ್ನು ಹುಡುಕುವ ಮುನ್ನ ‘ಟಾಮ್’ ಎಂಬ ಹೆಸರನ್ನೇ ಒಮ್ಮೆ ಗಮನಿಸಬೇಕು. ಇದು ಇಂಗ್ಲಿಷಿನ ಸ್ವಂತ ಪದವಲ್ಲ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ‘ಟಾಮ್-ಟಾಮ್’ ಭಾರತದಿಂದ ಹೋದ ಪದವೆಂದು ದಾಖಲಾಗಿದೆ. ಡೋಲಿನ ಸದ್ದನ್ನೇ ಅನುಕರಿಸುವ ಈ ಪದ ನಮ್ಮ ನಡುವೆ ಇಂದಿಗೂ ಜೀವಂತವಾಗಿದೆ. ಊರಿನಲ್ಲಿ ಡಂಗುರ ಸಾರುವುದನ್ನು ಕನ್ನಡಿಗರು ‘ಟಾಂಟಾಂ ಹೊಡೆಸುವುದು’ ಎನ್ನುತ್ತಾರೆ. ಗುಟ್ಟನ್ನು ಬಯಲು ಮಾಡುವವನಿಗೂ ಅದೇ ಮಾತು ಸಲ್ಲುತ್ತದೆ. ನಮ್ಮ ಹಳ್ಳಿಯ ಸಾರುವಿಕೆಯ ಸದ್ದು ಈಸ್ಟ್ ಇಂಡಿಯಾ ಕಂಪನಿಯವರ ಬಾಯಿಂದ ಇಂಗ್ಲಿಷಿಗೆ ಸೇರಿ, ಅಮೆರಿಕದ ಜಾಝ್ ವೇದಿಕೆಗೆ ಏರಿ, ಒಂದು ಉದ್ಯಮದ ಪಾರಿಭಾಷಿಕ ಪದವಾಗಿ ನಮ್ಮಲ್ಲಿಗೆ ಮರಳಿತು.

ಪದವಷ್ಟೇ ಅಲ್ಲ, ವಾದ್ಯಗಳೂ ಹೀಗೆಯೇ ಪ್ರಯಾಣ ಮಾಡಿವೆ. ಹೈದರಾಬಾದಿನಲ್ಲಿ ಬಿರ್ಲಾ ಮಂದಿರ ನಿಂತಿರುವ ಗುಡ್ಡಕ್ಕೆ ‘ನೌಬತ್ ಪಹಾಡ್’ ಎಂಬ ಹೆಸರಿದೆ. ನೌಬತ್ತು ಎಂದರೆ ಅರಸೊತ್ತಿಗೆಯ ಗುರುತಾಗಿ ನಿಯತ ಕಾಲಗಳಲ್ಲಿ ಬಾರಿಸುವ ನಗಾರಿ. ವಿಜಯಪುರದ ಗೋಲಗುಮ್ಮಟದ ಮುಂದೆ ಇಂದು ವಸ್ತುಸಂಗ್ರಹಾಲಯವಾಗಿರುವ ಕಟ್ಟಡವೂ ಮೂಲತಃ ನಗಾರಿಖಾನೆಯೇ. ಅಕ್ಬರನ ಆಸ್ಥಾನದ ನಗಾರಿಖಾನೆಯಲ್ಲಿ ‘ದಮಾಮಾ’ ಎಂಬ ದೊಡ್ಡ ನಗಾರಿಗಳು ಸುಮಾರು 18 ಜೋಡಿ, ಸಾಧಾರಣ ನಗಾರಿಗಳು ಸುಮಾರು 20 ಜೋಡಿ ಇದ್ದವೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಪಟ್ಟಿ ಮಾಡಿದ್ದಾನೆ. ಈ ಬಗೆಯ ವಾದ್ಯಗಳ ಅಳತೆಯನ್ನು ನಿರ್ಧರಿಸಿದವು ಎರಡು ಸಂಗತಿಗಳು: ಸದ್ದು ಎಷ್ಟು ದೂರ ತಲುಪಬೇಕು, ಹೊರುವವರು ಯಾರು. ಕೋಟೆಯ ಬಾಗಿಲ ಮೇಲೆ ಇಟ್ಟಲ್ಲಿಯೇ ಇರುವ ನಗಾರಿಗೆ ಗಾತ್ರದ ಮಿತಿಯಿಲ್ಲ. ಆನೆಯ ಮೇಲಿನದು ದೊಡ್ಡದು, ಒಂಟೆಯ ಮೇಲಿನದು ಅದಕ್ಕಿಂತ ಚಿಕ್ಕದು, ಕುದುರೆಯ ಇಕ್ಕೆಲಗಳಲ್ಲಿ ತೂಗುವುದು ಇನ್ನೂ ಚಿಕ್ಕದು.

ಅರಬ್ ಜಗತ್ತಿನ ಇದೇ ‘ನಕ್ಕಾರ’ 13ನೆಯ ಶತಮಾನದಲ್ಲಿ ಯುರೋಪಿಗೆ ಹೋಗಿ ‘ನೇಕರ್’ ಎನಿಸಿಕೊಂಡಿತು. 18ನೆಯ ಶತಮಾನದಲ್ಲಿ ಆಟೋಮನ್ ತುರ್ಕರ ಸೈನ್ಯವಾದ್ಯಗಳನ್ನು ಕೇಳಿ ಮರುಳಾದ ಯುರೋಪಿನ ದೊರೆಗಳು ತಮ್ಮ ಪಡೆಗಳಿಗೂ ಅಂಥ ದೊಡ್ಡ ಡೋಲನ್ನು ಸೇರಿಸಿಕೊಂಡರು. ಬೇಸ್ ಡ್ರಮ್ ಎಂದು ನಾವು ಕರೆಯುವುದು ಅದರ ಸಂತತಿ. ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರಿನಲ್ಲಿ 1806ರಲ್ಲಿ ಸ್ಥಾಪಿತವಾದ ಸಿಕಂದರಾಬಾದಿನಂತಹ ದಂಡುಪ್ರದೇಶಗಳಿಗೆ ಬ್ರಿಟಿಷ್ ಪಡೆಗಳ ಜೊತೆ ಬ್ಯಾಂಡುಗಳೂ ಬಂದವು. ಪೂರ್ವದಿಂದ ಹೋದ ಡೋಲು ಪಶ್ಚಿಮದ ಸಮವಸ್ತ್ರ ತೊಟ್ಟು ಪೂರ್ವಕ್ಕೆ ಮರಳಿತು. ಅಲ್ಲಿಂದ ಅದು ಮದುವೆಯ ಮೆರವಣಿಗೆಗೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. 1885ರಲ್ಲಿ ಮೀರತ್ತಿನಲ್ಲಿ ಆರಂಭವಾದ ನಾದಿರ್ ಅಲಿ ಅಂಡ್ ಕಂಪನಿಯಂತಹ ಭಾರತೀಯ ಸಂಸ್ಥೆಗಳು ಬ್ಯಾಂಡಿನ ವಾದ್ಯಗಳನ್ನು ಇಲ್ಲಿಯೇ ತಯಾರಿಸತೊಡಗಿದವು.

ಇತ್ತ ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯ ಹೊತ್ತಿಗೆ ಬೇರೊಂದು ಬದಲಾವಣೆ ನಡೆಯುತ್ತಿತ್ತು. ಬೀದಿಯಲ್ಲಿ ಇಬ್ಬರು ಮೂವರು ನುಡಿಸುತ್ತಿದ್ದ ಡ್ರಮ್‌ಗಳನ್ನು ನಾಟಕಶಾಲೆಯ ಇಕ್ಕಟ್ಟಿನಲ್ಲಿ ಒಬ್ಬನೇ ಕುಳಿತು ನುಡಿಸಬೇಕಾಯಿತು. ಒಬ್ಬನ ಸಂಬಳದಲ್ಲಿ ಮೂವರ ಕೆಲಸ ನಡೆಯುವುದು ಮಾಲೀಕರಿಗೂ ಹಿತವಾಗಿತ್ತು. ಷಿಕಾಗೋದ ವಿಲಿಯಂ ಲುಡ್ವಿಗ್ 1909ರಲ್ಲಿ ವೇಗವಾಗಿ ತುಳಿಯಬಹುದಾದ ಕಾಲುಪೆಡಲನ್ನು ಮಾರುಕಟ್ಟೆಗೆ ತಂದ ಮೇಲೆ ಈ ವ್ಯವಸ್ಥೆ ಗಟ್ಟಿಯಾಯಿತು. ಬೇಸ್ ಡ್ರಮ್ ಮಾತ್ರ ಮೆರವಣಿಗೆಯ ಕಾಲದ ಗಾತ್ರವನ್ನೇ ಉಳಿಸಿಕೊಂಡಿತ್ತು. 1920ರ ದಶಕದಲ್ಲಿ 28 ಅಂಗುಲದ ಬೇಸ್ ಡ್ರಮ್ ಸಾಮಾನ್ಯವಾಗಿತ್ತು. ಮೈಕ್ ಇಲ್ಲದ ಕಾಲದಲ್ಲಿ ಸದ್ದು ಬೇಕೆಂದರೆ ಗಾತ್ರ ಬೇಕಿತ್ತು. ಮುಂದೆ ಸಂಗೀತ ದೊಡ್ಡ ನೃತ್ಯಶಾಲೆಗಳಿಂದ ಚಿಕ್ಕ ಕ್ಲಬ್‌ಗಳಿಗೆ ಸರಿದಂತೆ ಅದು 26, 24, 22 ಎಂದು ಇಳಿಯುತ್ತ, ಕೆಲವು ಜಾಝ್ ವಾದಕರ ಕೈಯಲ್ಲಿ 18 ಅಂಗುಲಕ್ಕೂ ಇಳಿಯಿತು.

ಮೊದಲ ಟಾಮ್‌ಗಳಿಗೆ ಅಳತೆಯ ಶಿಸ್ತೇ ಇರಲಿಲ್ಲ, ಏಕೆಂದರೆ ಅವನ್ನು ಡ್ರಮ್ ಕಂಪನಿಗಳು ತಯಾರಿಸುತ್ತಿರಲಿಲ್ಲ. ಅವು ಚೀನಾದಿಂದ ಬಂದ, ಮೈಮೇಲೆ ಬಣ್ಣದ ಚಿತ್ತಾರವಿದ್ದ, ಹಂದಿಯ ತೊಗಲನ್ನು ಮೊಳೆ ಹೊಡೆದು ಕೂಡಿಸಿದ ಡೋಲುಗಳು. ಶ್ರುತಿ ಮಾಡುವ ಸಾಧನ ಯಾವುದೂ ಅವಕ್ಕಿರಲಿಲ್ಲ. ನಮ್ಮ ತಮಟೆಯಂತೆಯೇ ಹವೆ ತೇವವಾದರೆ ಅವೂ ಸಡಿಲಗೊಳ್ಳುತ್ತಿದ್ದವು, ಬಿಸಿ ತಾಗಿದರೆ ಬಿಗಿಯಾಗುತ್ತಿದ್ದವು. ಕುಶಲಕರ್ಮಿಗೆ ಸಿಕ್ಕ ಮರ, ಸಿಕ್ಕ ತೊಗಲು ಅವುಗಳ ಅಳತೆಯನ್ನು ನಿರ್ಧರಿಸುತ್ತಿತ್ತು.

1930ರ ದಶಕದ ಮಧ್ಯದಲ್ಲಿ ಜೀನ್ ಕ್ರೂಪಾ ಎಂಬ ವಾದಕ ಎರಡೂ ಬದಿಯ ತೊಗಲನ್ನು ತಿರುಪಿನಿಂದ ಬಿಗಿಗೊಳಿಸಬಹುದಾದ ಟಾಮ್‌ಗಳನ್ನು ಬಯಸಿದ. ಸ್ಲಿಂಗರ್‌ಲ್ಯಾಂಡ್ ಕಂಪನಿ ಅವನಿಗಾಗಿ ಅಂಥವನ್ನು ತಯಾರಿಸಿಕೊಟ್ಟಿತು. ಬೇಸ್ ಡ್ರಮ್ಮಿನ ಮೇಲೆ 13 ಅಂಗುಲ ಅಗಲ, 9 ಅಂಗುಲ ಆಳದ ಒಂದು ಟಾಮ್. ನೆಲದ ಮೇಲೆ ಅಗಲವೂ ಆಳವೂ 16 ಅಂಗುಲವಾದ ಇನ್ನೊಂದು. ಮೇಲಿನದು ಅಷ್ಟು ಆಳವಿಲ್ಲದಿರುವುದಕ್ಕೆ ಕಾರಣ ಸರಳ: ಎತ್ತರದ ಬೇಸ್ ಡ್ರಮ್ಮಿನ ಮೇಲೆ ಆಳವಾದ ಟಾಮನ್ನು ಕೂರಿಸಿದರೆ ವಾದಕನ ಕೈ ಎಟುಕುವುದಿಲ್ಲ. ಬೆನ್ನಿ ಗುಡ್‌ಮನ್ ತಂಡದ ಜೊತೆ ಕ್ರೂಪಾ ಟಾಮ್‌ಗಳ ಮೇಲೆ ನುಡಿಸಿದ ದೀರ್ಘ ವಾದನ 1937ರ ಧ್ವನಿಮುದ್ರಿಕೆಯಿಂದ ಮನೆಮಾತಾಯಿತು. ಅವನ ಅಳತೆಯೇ ಮುಂದಿನವರಿಗೆ ಮಾದರಿಯಾಯಿತು. ಹೀಗೆ 13 ಎಂಬ ಅಂಕಿ ಡ್ರಮ್ ಸೆಟ್ಟಿನಲ್ಲಿ ಬೇರೂರಿತು. ಅದು 16ಕ್ಕೆ ಜೊತೆಗಾರ, 12ಕ್ಕಲ್ಲ.

ನಡುವೆ ಯುದ್ಧ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ವಾದ್ಯಗಳ ತೂಕದಲ್ಲಿ ಲೋಹದ ಪ್ರಮಾಣ ಶೇಕಡಾ 10ನ್ನು ಮೀರಬಾರದೆಂದು ನಿರ್ಬಂಧಿಸಿತು. ತಿರುಪುಗಳನ್ನು ಹಿಡಿಯುವ ಭಾಗಗಳನ್ನೂ ಮರದಲ್ಲಿಯೇ ಕೆತ್ತಬೇಕಾಯಿತು. ಆ ಕಾಲದ ಡ್ರಮ್‌ಗಳು ಇಂದು ಸಂಗ್ರಾಹಕರಿಗೆ ವಿಚಿತ್ರವಾಗಿ ಕಂಡರೆ ಅದಕ್ಕೆ ಕಾರಣ ಕಲಾವಿದನ ರುಚಿಯಲ್ಲ, ಸರ್ಕಾರದ ಆಜ್ಞೆ.

1960ರ ದಶಕದಲ್ಲಿ ಲುಡ್ವಿಗ್ ಕಂಪನಿಯ ಸೆಟ್‌ಗಳು ಹೆಚ್ಚಾಗಿ ಎರಡು ಟಾಮ್‌ಗಳವು. ಚಿಕ್ಕ ಸೆಟ್ಟಿನಲ್ಲಿ 12 ಮತ್ತು 14, ಜೊತೆಗೆ 20 ಅಂಗುಲದ ಬೇಸ್ ಡ್ರಮ್. ದೊಡ್ಡದರಲ್ಲಿ 13 ಮತ್ತು 16, ಜೊತೆಗೆ 22 ಅಂಗುಲದ ಬೇಸ್ ಡ್ರಮ್. ಬೀಟಲ್ಸ್ ತಂಡದ ರಿಂಗೋ ಸ್ಟಾರ್ 1963ರಲ್ಲಿ ಕೊಂಡದ್ದು ಮೊದಲನೆಯದನ್ನು. ಮರುವರ್ಷದಿಂದ ಎರಡನೆಯದಕ್ಕೂ ಬಂದ. ಎರಡು ಸೆಟ್‌ಗಳೂ ತಮ್ಮಷ್ಟಕ್ಕೆ ತಾವು ಸುಸಂಬದ್ಧ. ಬೇಸ್ ಡ್ರಮ್ಮಿನ ಮೇಲೆ ಎರಡು ಟಾಮ್‌ಗಳು ಬೇಕೆಂಬ ಬಯಕೆ ಹಬ್ಬಿದಾಗ ಕಂಪನಿಗಳು ಹೊಸ ಅಳತೆಗಳನ್ನು ಲೆಕ್ಕಹಾಕಿ ಅಚ್ಚು ಮಾಡಲು ಹೋಗಲಿಲ್ಲ, ಇದ್ದವನ್ನೇ ಕೂಡಿಸಿದವು. ಲುಡ್ವಿಗ್‌ನ ‘ಹಾಲಿವುಡ್’ ಸೆಟ್ಟಿನಲ್ಲಿ 12 ಅಂಗುಲದವು ಎರಡು. ಮುಂದೆ ಎಲ್ಲೆಡೆ ರೂಢಿಯಾದದ್ದು ಚಿಕ್ಕ ಸೆಟ್ಟಿನ 12, ದೊಡ್ಡ ಸೆಟ್ಟಿನ 13 ಮತ್ತು 16. ನಮ್ಮ ಒಗಟಿಗೆ ಉತ್ತರ ಇಲ್ಲಿದೆ. 12-13-16 ಎಂಬುದು ಯಾರೂ ಯೋಜಿಸಿದ ಸ್ವರಶ್ರೇಣಿಯಲ್ಲ. ಬೇರೆ ಬೇರೆ ಎರಡು ಸಂಸಾರಗಳಿಂದ ಬಂದವರು ಒಂದೇ ಮನೆಯಲ್ಲಿ ವಾಸಿಸತೊಡಗಿದ ಫಲ. 1980ರ ದಶಕದಲ್ಲಿ 12 ಅಂಗುಲದ ಟಾಮಿನ ಆಳ 8ರಿಂದ 10, 11 ಅಂಗುಲಕ್ಕೆ ಬೆಳೆದದ್ದು, ಆಮೇಲೆ ಮತ್ತೆ ಇಳಿದದ್ದು, ಈ ಉದ್ಯಮದ ಬದಲಾಗುವ ರುಚಿಗೆ ಸಾಕ್ಷಿ.

ಆದರೆ ಇದಕ್ಕಿಂತ ಮಹತ್ವದ ಬದಲಾವಣೆಯೊಂದು ಸದ್ದಿಲ್ಲದೆ ನಡೆದಿತ್ತು. ಅಲ್ಲಿಯವರೆಗೆ ಡ್ರಮ್‌ಗೆ ಹೊದಿಸುತ್ತಿದ್ದುದು ಕರುವಿನ ತೊಗಲು. ತೊಗಲನ್ನು ನೆನೆಸಿ, ಮರದ ಬಳೆಗೆ ಸುತ್ತಿ, ಅಂಚನ್ನು ಒಳಕ್ಕೆ ಮಡಿಸಿ ಒಣಗಿಸುತ್ತಿದ್ದರು. ಈ ಕೆಲಸ ಕೈಯಿಂದ ನಡೆಯುವವರೆಗೆ ಡ್ರಮ್ಮಿನ ಅಳತೆ ಕಾಲಂಗುಲ ಹೆಚ್ಚಿದ್ದರೂ ಕಡಿಮೆಯಿದ್ದರೂ ಯಾರಿಗೂ ತೊಂದರೆಯಿರಲಿಲ್ಲ. ತೊಗಲೇ ಡ್ರಮ್ಮಿಗೆ ಹೊಂದಿಕೊಳ್ಳುತ್ತಿತ್ತು. 1956-57ರ ಸುಮಾರಿಗೆ ಅಮೆರಿಕದಲ್ಲಿ ಚಿಕ್ ಇವಾನ್ಸ್, ರೆಮೋ ಬೆಲ್ಲಿ ಮೊದಲಾದವರು ಪ್ಲಾಸ್ಟಿಕ್ ಹಾಳೆಯ ಹೊದಿಕೆಯನ್ನು ಮಾರುಕಟ್ಟೆಗೆ ತಂದರು. ಮಳೆಗೂ ಬಿಸಿಲಿಗೂ ಬಗ್ಗದ ಈ ಹೊದಿಕೆ ಲೋಹದ ಬಳೆಯೊಡನೆ ಕಾರ್ಖಾನೆಯಲ್ಲಿಯೇ ಸಿದ್ಧವಾಗಿ ಬರುತ್ತಿತ್ತು. ಇನ್ನು ಡ್ರಮ್ಮೇ ಹೊದಿಕೆಗೆ ಹೊಂದಿಕೊಳ್ಳಬೇಕಾಯಿತು. 1922ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಪ್ರೀಮಿಯರ್ ಕಂಪನಿಯ ಡ್ರಮ್‌ಗಳು ಅಮೆರಿಕದವಕ್ಕಿಂತ ಕೂದಲೆಳೆಯಷ್ಟು ದೊಡ್ಡವು. ಹೆಸರಿಗೆ 12 ಅಂಗುಲವಾದರೂ ಹೊಸ ಹೊದಿಕೆ ಅದರ ಮೇಲೆ ಕೂರದು. 1960ರ ದಶಕದ ಕೊನೆಯ ಹೊತ್ತಿಗೆ ಕಂಪನಿ ‘ಅಂತರರಾಷ್ಟ್ರೀಯ ಅಳತೆ’ಗೆ ಶರಣಾಯಿತು. ಅದಕ್ಕೂ ಹಿಂದಿನ ಡ್ರಮ್‌ಗಳು ಮರ ಗಟ್ಟಿಯಿದ್ದೂ ನಾದ ಮಧುರವಾಗಿದ್ದೂ ಹೊದಿಕೆ ಸಿಗದ ಕಾರಣಕ್ಕೆ ಮೂಲೆಗೆ ಸರಿದವು. ವಾದ್ಯವೊಂದು ಕೆಟ್ಟುಹೋಗದೆಯೂ ಮೂಕವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಈಗ ನಮ್ಮ ವಾದ್ಯಗಳತ್ತ ತಿರುಗೋಣ. ಮೃದಂಗಕ್ಕೆ ‘ತಗ್ಗು ಶ್ರುತಿ’, ‘ಹೆಚ್ಚು ಶ್ರುತಿ’ ಎಂಬ ಎರಡು ಬಗೆಗಳಿವೆ. ಮೊದಲನೆಯದು ಸುಮಾರು 24 ಅಂಗುಲ ಉದ್ದ, ಎರಡನೆಯದು ಸುಮಾರು 22. ಗಾಯಕನ ಕೆಳಶ್ರುತಿಗೆ ಒಂದು, ಗಾಯಕಿಯ ಅಥವಾ ಕೊಳಲಿನ ಮೇಲುಶ್ರುತಿಗೆ ಇನ್ನೊಂದು. ತಬಲಾದಲ್ಲೂ ಹೀಗೆಯೇ, ಬಲಗೈಯದರ ಬಾಯಿ ಕಿರಿದಾದಷ್ಟೂ ಶ್ರುತಿ ಮೇಲೇರುತ್ತದೆ. ಇಲ್ಲಿ ಅಳತೆಯನ್ನು ಆಳುವುದು ಮನುಷ್ಯಕಂಠ. ಟಾಮ್‌ಗೆ ಈ ಹೊಣೆಯಿಲ್ಲ. ಬರಿಯ ತೊಗಲಿನ ಮೂಲಸ್ವರಕ್ಕೂ ಉಪಸ್ವರಗಳಿಗೂ ಸರಳ ಅನುಪಾತವಿಲ್ಲದ ಕಾರಣ ಅದರ ನಾದಕ್ಕೆ ಖಚಿತ ಶ್ರುತಿ ದಕ್ಕುವುದಿಲ್ಲ. ಮೃದಂಗದ ಕರಣೆ ಈ ಕೊರತೆಯನ್ನು ಹೇಗೆ ನೀಗುತ್ತದೆ ಎಂಬುದನ್ನು ಸಿ. ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು; 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಇನ್ನಷ್ಟು ವಿಸ್ತಾರವಾಗಿ ವಿವರಿಸಿದರು. ನಡುವಿನ ಕಪ್ಪು ಲೇಪದ ಭಾರ ಉಪಸ್ವರಗಳನ್ನು ಎಳೆದು ತಂದು ತಂತಿವಾದ್ಯದಂತೆ ಕ್ರಮಕ್ಕೆ ನಿಲ್ಲಿಸುತ್ತದೆ ಎಂಬುದು ಅವರ ವಿವರಣೆಯ ಸಾರ. ಯಾವ ಉಪಕರಣವೂ ಇಲ್ಲದೆ, ಅನ್ನವನ್ನೂ ಕಲ್ಲಿನ ಪುಡಿಯನ್ನೂ ಕಲಸಿ ಪದರ ಪದರವಾಗಿ ಉಜ್ಜುತ್ತ ಕಿವಿಯಿಂದಲೇ ಈ ಲೆಕ್ಕವನ್ನು ಮುಗಿಸಿದವರು ವಾದ್ಯ ಕಟ್ಟುವ ಕುಶಲಕರ್ಮಿಗಳು. ರಾಮನ್ನರ ಹೆಸರು ನಮಗೆ ಗೊತ್ತು, ಅವರ ಹೆಸರು ಗೊತ್ತಿಲ್ಲ. ಟಿ. ಎಂ. ಕೃಷ್ಣ ಅವರು 2020ರಲ್ಲಿ ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಇಂಗ್ಲಿಷ್ ಕೃತಿ ಮೃದಂಗ ತಯಾರಿಸುವ ದಲಿತ ಕ್ರೈಸ್ತ ಕುಟುಂಬಗಳ ಈ ಮರೆಯಾದ ಚರಿತ್ರೆಯನ್ನು ಕುರಿತದ್ದು.

ಬೀದಿಯ ವಾದ್ಯಗಳಲ್ಲಿ ಅಳತೆಗೋಲು ಮತ್ತೆ ಬದಲಾಗುತ್ತದೆ. ಆಷಾಢದ ಬೋನಾಲು ಹಬ್ಬದಲ್ಲಿ ಗೋಲ್ಕೊಂಡದಿಂದ ಲಾಲ್‌ದರ್ವಾಜಾದವರೆಗೆ ಪೋತರಾಜರ ಕುಣಿತಕ್ಕೆ ಮೊಳಗುವ ತೆಲಂಗಾಣದ ದಪ್ಪು ನಮ್ಮ ತಮಟೆ, ಹಲಗೆಗಳ ಒಡಹುಟ್ಟು. ಹೆಗಲಿಗೆ ತೂಗುಹಾಕಿ, ಎದೆಗೊತ್ತಿ ಹಿಡಿದು, ಗಂಟೆಗಟ್ಟಲೆ ನಡೆಯುತ್ತ ಕುಣಿಯುತ್ತ ನುಡಿಸಬೇಕು. ಆದ್ದರಿಂದ ಅದು ಅಗಲವಾಗಿದ್ದೂ ತೆಳು, ಹಗುರ. ಅದರ ಅಗಲ ನುಡಿಸುವವನ ತೋಳಿನ ಅಳತೆಯನ್ನು ಮೀರದು. ಎ. ಸಿ. ಗಾರ್ಡ್ಸ್ ಎಂಬ ಬಡಾವಣೆಯ ಹೆಸರು ನಿಜಾಮರ ಆಫ್ರಿಕನ್ ಅಶ್ವದಳದಿಂದ ಬಂದದ್ದು. ಆ ದಳದ ಸಿದ್ದಿಗಳೂ ಬಾರ್ಕಸ್ ಪ್ರದೇಶದ ಅರಬ್ ಮೂಲದವರೂ ಈ ನಗರಕ್ಕೆ ಕೊಟ್ಟ ‘ಮರ್ಫಾ’ ವಾದನ ಇಂದಿಗೂ ಇಲ್ಲಿನ ಮದುವೆಗಳಲ್ಲಿ ಕೇಳುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳು ತಮ್ಮ ಡೋಲನ್ನು ‘ಡಮಾಮ್’ ಎನ್ನುತ್ತಾರೆ. ಅಕ್ಬರನ ನಗಾರಿಖಾನೆಯ ದಮಾಮಾದೊಡನೆ ಆ ಹೆಸರಿಗಿರುವ ನೆಂಟು ಯಾರ ಕಿವಿಗಾದರೂ ಬೀಳುತ್ತದೆ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ಸಂಸ್ಥಾನದ, ಬಳಿಕ ರಾಜ್ಯದ ಭಾಗಗಳಾಗಿದ್ದವು. ಗಡಿಗೆರೆ ಬಿದ್ದ ಮೇಲೂ ಆ ಕಡೆಯ ಹಲಗೆಗೂ ಈ ಕಡೆಯ ದಪ್ಪಿಗೂ ಬೆಂಕಿಯಲ್ಲಿ ಕಾಯಿಸಿ ಶ್ರುತಿ ಮಾಡುವ ವಿಧಾನ ಒಂದೇ.

ಈ ವಾದ್ಯಗಳಿಗೂ ಈಗ ಪ್ಲಾಸ್ಟಿಕ್ ಹೊದಿಕೆ ಬಂದಿದೆ. ಅದನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಮಳೆಗಾಲದ ಹಬ್ಬದಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಬೆಂಕಿ ಹುಡುಕಬೇಕಾದ ಕಷ್ಟ ತಪ್ಪಿದೆ. ಹಸಿ ತೊಗಲಿನ ವಾಸನೆಯನ್ನೂ ಅದರ ಜೊತೆಗೆ ಅಂಟಿಸಿದ ಅವಮಾನವನ್ನೂ ತಲೆತಲಾಂತರದಿಂದ ಹೊತ್ತವರ ಮಕ್ಕಳು ಆ ಕೆಲಸವನ್ನು ಬಿಡಬಯಸಿದರೆ, ಪರಂಪರೆಯ ಹೆಸರಿನಲ್ಲಿ ಅವರನ್ನು ತಡೆಯುವ ಅಧಿಕಾರ ನಮಗಿಲ್ಲ. 1994ರಲ್ಲಿ ಆಂಧ್ರದ ಮಾದಿಗ ಸಮುದಾಯ ಒಳಮೀಸಲಾತಿಗಾಗಿ ಹೂಡಿದ ಹೋರಾಟ ‘ದಂಡೋರ’ ಎಂದೇ ಹೆಸರಾಯಿತು. ಬೇರೆಯವರ ಅಪ್ಪಣೆಯನ್ನು ಸಾರಲು ಶತಮಾನಗಳ ಕಾಲ ಡಂಗುರ ಹೊಡೆದವರು ತಮ್ಮ ಮಾತನ್ನು ಸಾರಲು ಅದೇ ಪದವನ್ನು ಆಯ್ದುಕೊಂಡರು. ವಾದ್ಯದ ಮೇಲೆ ಮೊದಲ ಹಕ್ಕು ಯಾರದೆಂಬ ಪ್ರಶ್ನೆಗೆ ಅದು ಉತ್ತರವೂ ಹೌದು.

ಆದರೂ ಒಂದು ನಷ್ಟವನ್ನು ಹೆಸರಿಸಲೇಬೇಕು. ಹೊದಿಕೆ ಕಾರ್ಖಾನೆಯಿಂದ ಬಂದಾಗ ವಾದ್ಯದ ಅಳತೆಯನ್ನೂ ಕಾರ್ಖಾನೆಯೇ ನಿರ್ಧರಿಸುತ್ತದೆ. ಊರಿಗೊಂದು, ಕೈಗೊಂದು ಬಗೆಯಾಗಿದ್ದ ಹಲಗೆಗಳು ಅಚ್ಚಿನ ನಾಲ್ಕಾರು ಅಳತೆಗಳಿಗೆ ಇಳಿಯುತ್ತವೆ. ಪ್ರೀಮಿಯರ್ ಡ್ರಮ್‌ಗಳಿಗೆ ಒದಗಿದ ಗತಿ ಅವಕ್ಕೂ ಒದಗಬಹುದು. ಒಂದು ವ್ಯತ್ಯಾಸ ಮಾತ್ರ ಇದೆ. ಆ ಡ್ರಮ್‌ಗಳ ಅಳತೆ ಕಂಪನಿಯ ಪಟ್ಟಿಗಳಲ್ಲಿ ಅಚ್ಚಾಗಿ ಉಳಿದಿರುವುದರಿಂದ ಬೇಕೆನ್ನುವವರು ಇಂದಿಗೂ ಅದಕ್ಕೆ ತಕ್ಕ ಹೊದಿಕೆಯನ್ನು ಮಾಡಿಸಿಕೊಳ್ಳಬಹುದು. ನಮ್ಮ ವಾದ್ಯಗಳ ಅಳತೆ ಇರುವುದು ಕಟ್ಟುವವರ ಗೇಣು ಮೊಳಗಳಲ್ಲಿ, ಅವರ ನೆನಪಿನಲ್ಲಿ.

ಊರಿನಿಂದ ದೂರವಿರುವ ನಮ್ಮಂಥವರು ಮಾಡಬಹುದಾದ ಕೆಲಸವೊಂದು ಇಲ್ಲಿದೆ. ರಜೆಗೆ ಊರಿಗೆ ಹೋದಾಗ ಡೊಳ್ಳು, ಹಲಗೆ, ಕರಡಿ, ಸಂಬಾಳಗಳನ್ನು ಕಟ್ಟುವವರನ್ನು ಕಂಡು ಮಾತನಾಡಿಸಬೇಕು. ಅಗಲವೆಷ್ಟು, ಆಳವೆಷ್ಟು, ಯಾವ ಮರ, ಯಾವ ತೊಗಲು, ಇಷ್ಟೇ ಏಕೆ ಎಂದು ಕೇಳಿ ಬರೆದುಕೊಳ್ಳಬೇಕು. ಒಂದೊಂದು ಭಾಗಕ್ಕೂ ಅವರು ಬಳಸುವ ಪದವನ್ನು, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರಿನೊಡನೆಯೇ ದಾಖಲಿಸಬೇಕು. ಇದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ಒಂದು ಮಧ್ಯಾಹ್ನ. ಬಳಗದ ಮುಂದಿನ ಲೇಖನಗಳಲ್ಲಿ ಅಂತಹ ಟಿಪ್ಪಣಿಗಳಿಗೆ ಜಾಗ ಕಾದಿರಿಸಿದ್ದೇವೆ.